ಮೊದಲ ಕಾರು, ಎಳೆಯ ವಯಸ್ಸು, ಘಟ್ಟದ ರಸ್ತೆ: ಹಳೆಯ ಚಾಲಕರ ನೆನಪುಗಳನ್ನು ಕೇಳುತ್ತಿದ್ದೇನೆ

ಪ್ರಶ್ನೆ: ಕಾಜಾಣ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಓಡಿಸುತ್ತಿದ್ದ 1982ರ ಪ್ರೀಮಿಯರ್ ಪದ್ಮಿನಿ ಕಾರು ಈಗ ನನ್ನ ಪಾಲಿಗೆ ಬಂದಿದೆ. ತೋಟದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಲವು ವರ್ಷ ನಿಂತೇ ಇದ್ದ ಅದನ್ನು ಚಿಕ್ಕಮಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ತಾಳ್ಮೆಯಿಂದ ಓಡುವ ಸ್ಥಿತಿಗೆ ತಂದುಕೊಟ್ಟಿದ್ದಾರೆ. ನಾನು ಚಾಲನೆ ಕಲಿತದ್ದು ಪವರ್ ಸ್ಟಿಯರಿಂಗ್ ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಲ್ಲಿ. ಸ್ಟಿಯರಿಂಗ್ ಕಂಬದ ಪಕ್ಕದಲ್ಲೇ ಗೇರಿನ ಕೋಲು ಇರುವ ವಾಹನವನ್ನು ಇದುವರೆಗೆ ಮುಟ್ಟಿಯೂ ನೋಡಿರಲಿಲ್ಲ.

ದೊಡ್ಡಪ್ಪ ಇದೇ ಕಾರಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿದು, ಉಜಿರೆಯ ಮೇಲೆ ಮಂಗಳೂರಿಗೆ ಹೋಗಿಬರುತ್ತಿದ್ದರು. ಬೇಸಿಗೆಯಲ್ಲಿ ಘಟ್ಟ ಹತ್ತಿ ಬರುವಾಗ ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ತೆರೆದು, ಇಂಜಿನ್ನಿನ ಯಾವುದೋ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಬುತ್ತಿ ಬಿಚ್ಚಿ ಎಲ್ಲರಿಗೂ ತಿನ್ನಲು ಕೊಟ್ಟು, ಆಮೇಲೆ ಹೊರಡುತ್ತಿದ್ದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಬಟ್ಟೆ ಏಕೆ ಎಂದು ಮಾತ್ರ ಯಾರೂ ವಿವರಿಸುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಅದಕ್ಕಿಂತಲೂ ಹೆಚ್ಚಾಗಿ ನಾನು ಕೇಳಬಯಸುವುದು ನಿಮ್ಮ ನೆನಪುಗಳನ್ನು. ಸಿಸಿ ಎಷ್ಟು, ತೂಕ ಎಷ್ಟು ಎಂಬ ಅಂಕಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಇಂತಹ ಕಾರಿನ ಕೀಲಿಕೈ ಸಿಕ್ಕಾಗ ಹೇಗಿರುತ್ತಿತ್ತು, ನೀವು ಎಲ್ಲಿ ಕಲಿತಿರಿ, ಯಾರು ಕಲಿಸಿದರು, ಮೊದಲು ಯಾವ ದಾರಿ ಹಿಡಿದಿರಿ ಎಂಬುದನ್ನು ಓಡಿಸಿದವರೇ ಹೇಳಬೇಕು. ದೊಡ್ಡಪ್ಪನವರನ್ನು ಕೇಳುವ ಅವಕಾಶ ಈಗ ಉಳಿದಿಲ್ಲ. ಮಳೆ ನಿಂತ ಮೇಲೆ ಈ ಕಾರನ್ನು ಅವರ ದಾರಿಯಲ್ಲೇ ಒಮ್ಮೆ ಓಡಿಸಬೇಕೆಂದಿದ್ದೇನೆ.

ಉತ್ತರ: ಕಾಫಿಕಣ, ಆಲ್ದೂರು

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೊದಲು ಒದ್ದೆ ಬಟ್ಟೆಯ ವಿಷಯ ಹೇಳಿಬಿಡುತ್ತೇನೆ. ಆ ಕಾಲದ ಕಾರುಗಳಲ್ಲಿ ಪೆಟ್ರೋಲ್ ಪಂಪು ಈಗಿನಂತೆ ಟ್ಯಾಂಕಿನ ಒಳಗೆ ಇರುತ್ತಿರಲಿಲ್ಲ. ಇಂಜಿನ್ನಿನ ಮೈಗೇ ಅಂಟಿಸಿದ ಒಂದು ಸಣ್ಣ ಯಾಂತ್ರಿಕ ಪಂಪು, ಒಳಗಿನ ರಬ್ಬರ್ ಪೊರೆಯ ಏರಿಳಿತದಿಂದ ಹಿಂಬದಿಯ ಟ್ಯಾಂಕಿನ ಪೆಟ್ರೋಲನ್ನು ಅಷ್ಟು ದೂರದಿಂದ ಹೀರಿಕೊಂಡು, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿಗೆ ತಳ್ಳುತ್ತಿತ್ತು. ಹೀರುವ ಕಡೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಪೆಟ್ರೋಲ್ ಬೇಗ ಕುದಿದು ಆವಿಯಾಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತುಂಬಿದ ಕಾರು ಎರಡನೆಯ ಗೇರಿನಲ್ಲೇ ಘಟ್ಟ ಹತ್ತುವಾಗ ಇಂಜಿನ್ ಕಾದು, ಅದರ ಬಿಸಿ ಪಂಪಿಗೂ ಕೊಳವೆಗೂ ತಗುಲಿ, ಒಳಗೆ ಆವಿಯ ಗುಳ್ಳೆ ಕಟ್ಟುತ್ತಿತ್ತು. ಪಂಪು ಎಷ್ಟೇ ದುಡಿದರೂ ಆ ಗುಳ್ಳೆಯನ್ನೇ ಹಿಂಡುತ್ತಿತ್ತೇ ಹೊರತು ಪೆಟ್ರೋಲ್ ಮುಂದೆ ಹೋಗುತ್ತಿರಲಿಲ್ಲ. ಇದನ್ನು ನಾವು ವೇಪರ್ ಲಾಕ್ ಎನ್ನುತ್ತಿದ್ದೆವು. ಒದ್ದೆ ಬಟ್ಟೆ ಸುತ್ತಿದರೆ ಪಂಪು ತಣಿದು ಆವಿ ಮತ್ತೆ ದ್ರವವಾಗುತ್ತದೆ. ಅದಕ್ಕೆ ಸಮಯ ಬೇಕು, ಆ ಸಮಯಕ್ಕೆ ಬುತ್ತಿ. ಇದು ಯಾವುದೋ ಒಂದು ಕಾರಿನ ಕೊರತೆಯಲ್ಲ, ಅಂತಹ ಪಂಪು ಇದ್ದ ಎಲ್ಲ ಕಾರುಗಳಿಗೂ ಬೇಸಿಗೆಯ ಘಟ್ಟದಲ್ಲಿ ಒದಗುತ್ತಿದ್ದ ಸಂಗತಿ.

ಇನ್ನು ನೆನಪಿನ ವಿಷಯ. ನಮ್ಮ ಮನೆಗೆ ಬಂದ ಮೊದಲ ಕಾರು ಫಿಯೆಟ್ 1100 ಡಿಲೈಟ್, ಅದೂ ಎರಡನೆಯ ಕೈಯದು. ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, 1974ರಿಂದ ಪದ್ಮಿನಿ ಎಂದೂ ಹೆಸರು ಬದಲಿಸಿಕೊಂಡದ್ದು ಬಹುಮಟ್ಟಿಗೆ ಅದೇ ಕಾರು, ಅದೇ 1089 ಸಿಸಿ ಇಂಜಿನ್. ಹೊಸ ಫಿಯೆಟ್ ಬೇಕಾದರೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದು ಕಾರು ಪಡೆದವರು ಮರುದಿನವೇ ಮಾರಿದರೂ ಕಂಪನಿಯ ಬೆಲೆಗಿಂತ ಹೆಚ್ಚು ಹಣ ಸಿಗುತ್ತಿತ್ತು ಎಂದರೆ ಈಗಿನವರು ನಂಬುವುದು ಕಷ್ಟ. ನಮ್ಮಂತಹ ಸಣ್ಣ ಬೆಳೆಗಾರರಿಗಂತೂ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ಹಣ ಕಂತುಕಂತಾಗಿ ಬರುತ್ತಿದ್ದುದರಿಂದ, ಒಂದು ಕಂತು ಕೈಸೇರಿದಾಗ ಯಾರೋ ಮಾರಲಿಟ್ಟ ಕಾರು ಕಣ್ಣಿಗೆ ಬಿದ್ದರೆ ಅದೇ ಯೋಗ ಎಂದು ತಂದುಬಿಡುತ್ತಿದ್ದರು. ನಮ್ಮ ತಂದೆಯವರು ತಂದದ್ದು ಹಾಗೆಯೇ.

ನಾನು ಕಲಿತದ್ದು ಕಾಫಿ ಒಣಗಿಸುವ ಕಣದಲ್ಲಿ. ಕೊಯ್ಲು ಮುಗಿದು, ಚೀಲಗಳು ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಕಣ ಖಾಲಿಯಾಗುತ್ತಿತ್ತು. ಆ ಸಿಮೆಂಟಿನ ವಿಶಾಲ ಅಂಗಳದಲ್ಲಿ ತೋಟದ ಜೀಪಿನ ಚಾಲಕರು ಕಲ್ಲುಗಳನ್ನಿಟ್ಟು, ಅವುಗಳ ನಡುವೆ ಹಿಮ್ಮುಖವಾಗಿ ಬರಲು ಕಲಿಸಿದರು. ಮುಂದಕ್ಕೆ ಓಡಿಸುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ, ತೋಟದ ರಸ್ತೆಯಲ್ಲಿ ಎದುರಿಗೆ ಲಾರಿ ಬಂದಾಗ ಹಿಂದಕ್ಕೆ ಹೋಗಬಲ್ಲವನೇ ಚಾಲಕ ಎಂಬುದು ಅವರ ನಂಬಿಕೆಯಾಗಿತ್ತು. ಹಿಮ್ಮುಖ ಚಾಲನೆ ಹದಕ್ಕೆ ಬರುವವರೆಗೆ ಗೇಟಿನಾಚೆಗೆ ಕಾರನ್ನು ಬಿಡಲೇ ಇಲ್ಲ.

ಅವರು ಕಲಿಸಿದ ಇನ್ನೊಂದು ವಿದ್ಯೆ ಎರಡು ಸಲ ಕ್ಲಚ್ ಒತ್ತುವುದು. ನಿಮ್ಮ ಪದ್ಮಿನಿಗೂ ಇದು ಬೇಕಾಗುತ್ತದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಆ ಗೇರ್ ಪೆಟ್ಟಿಗೆಯಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಸಿಂಕ್ರೋಮೆಶ್ (ಗೇರು ಬದಲಿಸುವಾಗ ಹಲ್ಲಿನ ಚಕ್ರಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ಉಂಟು, ಒಂದನೆಯದಕ್ಕೆ ಇಲ್ಲ. ಕಾರು ಚಲಿಸುತ್ತಿರುವಾಗಲೇ ಒಂದನೆಯ ಗೇರಿಗೆ ಇಳಿಸಬೇಕಾದರೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ಹದವಾಗಿ ತುಳಿದು ಇಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಹಲ್ಲಿನ ಚಕ್ರಗಳ ವೇಗ ಹೊಂದಿದರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತದೆ, ಹೊಂದದಿದ್ದರೆ ಇಡೀ ಊರಿಗೆ ಕೇಳುವಂತೆ ಕರಕರ ಎನ್ನುತ್ತದೆ. ಎಷ್ಟು ತುಳಿಯಬೇಕೆಂಬುದನ್ನು ಯಾವ ಮುಳ್ಳೂ ತೋರಿಸುವುದಿಲ್ಲ, ಕಿವಿಯೇ ಹೇಳಬೇಕು. ಚಾರ್ಮಾಡಿಯ ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ಕಾರು ಬಹುತೇಕ ನಿಲ್ಲುವ ಹಂತಕ್ಕೆ ಬಂದಾಗ ಈ ವಿದ್ಯೆ ಕೈಹಿಡಿಯುತ್ತಿತ್ತು.

ಆ ಕಾರುಗಳ ಬಗ್ಗೆ ನನಗೆ ಹೇಳಬೇಕೆನಿಸುವ ಮುಖ್ಯ ಮಾತು ಇದೇ. ಅವುಗಳನ್ನು ನಾವು ಕಣ್ಣಿನಿಂದ ಎಷ್ಟು ಓಡಿಸಿದೆವೋ ಅಷ್ಟೇ ಕಿವಿಯಿಂದ ಓಡಿಸಿದೆವು. ತಣ್ಣಗಿರುವ ಇಂಜಿನ್ನಿಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದು ಚಳಿಗಾಲದ ಬೆಳಗಿನಲ್ಲಿ ಇಂಜಿನ್ ಎಬ್ಬಿಸಿದಾಗ ಅದು ಯಾವ ಕ್ಷಣದಲ್ಲಿ ಚೋಕ್ ಒಳಗೆ ತಳ್ಳಲು ಹೇಳುತ್ತದೆ, ಏರಿನಲ್ಲಿ ಯಾವಾಗ ಕೆಳಗಿನ ಗೇರು ಬೇಡುತ್ತದೆ, ಇಂಜಿನ್ನಿನ ಕವಾಟ ತೆರೆಯುವ ಟ್ಯಾಪೆಟ್ ಸಡಿಲವಾಗಿದೆಯೇ, ಕಿಡಿ ಹುಟ್ಟಿಸಲು ವಿದ್ಯುತ್ತನ್ನು ಕಡಿಯುವ ಕಾಂಟ್ಯಾಕ್ಟ್ ಪಾಯಿಂಟ್ ಸವೆದು ಕಿಡಿ ತಪ್ಪುತ್ತಿದೆಯೇ ಎಂಬುದೆಲ್ಲ ಶಬ್ದದಲ್ಲೇ ತಿಳಿಯುತ್ತಿತ್ತು. ಪಿಯುಸಿ, ಡಿಗ್ರಿ ಓದುವ ಹುಡುಗರು ನಾವು. ಟೂಲ್ ಚೀಲದಲ್ಲಿ ಪಾಯಿಂಟ್ ಉಜ್ಜಲು ಮರಳು ಕಾಗದ, ಸಣ್ಣ ಸಂದು ಅಳೆಯುವ ಒಂದು ಫೀಲರ್ ಗೇಜು, ಹೆಚ್ಚುವರಿ ಫ್ಯಾನ್ ಬೆಲ್ಟು, ರೇಡಿಯೇಟರಿಗೆ ಒಂದು ಕ್ಯಾನ್ ನೀರು ಇಲ್ಲದೆ ಘಟ್ಟಕ್ಕೆ ಹೋಗುತ್ತಿರಲಿಲ್ಲ.

ಮೊದಲ ಸಲ ಕೀಲಿಕೈ ನನ್ನೊಬ್ಬನ ಕೈಗೆ ಬಂದದ್ದು ಮಂಗಳೂರಿನಲ್ಲಿ ಓದುತ್ತಿದ್ದ ಅಕ್ಕನನ್ನು ರಜೆಗೆ ಕರೆತರಲು. ಪಕ್ಕದಲ್ಲಿ ಇಬ್ಬರು ಗೆಳೆಯರು. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಾಗಿದ್ದರಿಂದ ಮೂವರೂ ಸಾಲಾಗಿ ಕೂತಿದ್ದೆವು. ಬಾಗಿಲಿನ ತ್ರಿಕೋನದ ಸಣ್ಣ ಗಾಜನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ನುಗ್ಗುತ್ತಿತ್ತು. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ನಿಂತು ಕೈಮುಗಿದು ಇಳಿಯತೊಡಗಿದಾಗ ಕೆಳಗಿನ ಕಣಿವೆಯಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂದು ಜೀಪಿನ ಚಾಲಕರು ಹೇಳಿಕೊಟ್ಟದ್ದನ್ನು ಪಾಲಿಸಿ, ಬ್ರೇಕನ್ನು ಆದಷ್ಟು ಕಡಿಮೆ ಮುಟ್ಟಿ, ಇಂಜಿನ್ನಿನ ತಡೆಯಲ್ಲೇ ಕೆಳಗಿನವರೆಗೆ ಹೋದೆವು. ಉಜಿರೆ ತಲುಪಿದಾಗ ಮೂವರಲ್ಲಿ ಯಾರೂ ಬಹಳ ಹೊತ್ತು ಮಾತಾಡಿರಲಿಲ್ಲ ಎಂಬುದು ಅರಿವಿಗೆ ಬಂತು. ಭಯದಿಂದಲ್ಲ. ಮನೆಯ ಹಿರಿಯರಿಲ್ಲದೆ, ನಮ್ಮದೇ ಕೈಯಲ್ಲಿ, ಘಟ್ಟದ ಮೇಲಿನ ಊರಿನಿಂದ ಕೆಳಗಿನ ಊರಿಗೆ ಬಂದಿದ್ದೇವೆ ಎಂಬುದೇ ಅಷ್ಟು ದೊಡ್ಡ ಸಂಗತಿಯಾಗಿತ್ತು.

ಉತ್ತರ: ಸ್ಪ್ಯಾನರ್ 12-13, ಹಾಸನ

ಮೇಲಿನವರು ವೇಪರ್ ಲಾಕ್ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಟ್ಟೆಯನ್ನು ಹಿಂಡಿ ಪಂಪಿನ ಮೇಲೂ ಅದಕ್ಕೆ ಬರುವ ಕೊಳವೆಯ ಮೇಲೂ ಮಾತ್ರ ಇಡಬೇಕು. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಎರಕದ ಲೋಹ ಬಿರುಕು ಬಿಡುವ ಅಪಾಯವಿದೆ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇರುವಾಗ ತೆರೆಯಲೇಬಾರದು.

ಇನ್ನೊಂದು ವಿಷಯ ನಿಮ್ಮ ದೊಡ್ಡಪ್ಪನವರ ಕಾಲದಲ್ಲಿ ಇರಲಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದರ ಮಾರಾಟಕ್ಕೆ ಚಾಲನೆ ದೊರೆತದ್ದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪಂಪಿನ ಪೊರೆ, ಪೆಟ್ರೋಲ್ ಕೊಳವೆ, ಕಾರ್ಬ್ಯುರೇಟರಿನ ವಾಷರುಗಳನ್ನು ಎಥನಾಲ್ ತಾಳುವಂತಹವುಗಳಿಗೆ ಬದಲಿಸಿರಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ. ನೋಂದಣಿ ನವೀಕರಣವನ್ನೂ ನೋಡಿಕೊಳ್ಳಿ. ಐವತ್ತು ವರ್ಷ ತುಂಬದ ಕಾರಿಗೆ ವಿಂಟೇಜ್ ನೋಂದಣಿ ಸಿಗುವುದಿಲ್ಲ, ಆದ್ದರಿಂದ ನಿಮ್ಮದು ಸಾಮಾನ್ಯ ನಿಯಮದಂತೆಯೇ ನವೀಕರಣವಾಗಬೇಕು.

ಉತ್ತರ: ಕೆಲಗೇರಿ ಕೆರೆ, ಧಾರವಾಡ

ಆಲ್ದೂರಿನ ಹಿರಿಯರ ಬರಹವನ್ನು ಎರಡು ಬಾರಿ ಓದಿದೆ. ಅಷ್ಟು ಚೆನ್ನಾಗಿದೆ. ಆದರೆ ಅದರಲ್ಲಿ ಅಕ್ಕ ಕಾರಿನಲ್ಲಿ ಕೂತು ಮನೆಗೆ ಬಂದವರು, ತಮ್ಮ ಓಡಿಸಿದವರು. ಆ ತಲೆಮಾರಿನ ಎಷ್ಟೋ ಮನೆಗಳಲ್ಲಿ ಹಾಗೆಯೇ ಇತ್ತು. ನನ್ನ ನೆನಪು ಅಲ್ಲಿಂದ ಮುಂದಿನದು, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮೊದಲ ಕಾರು ಮಾರುತಿ 800. 1983ರಲ್ಲಿ ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಹೆಸರು ಬರೆಸಿದ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಮ್ಮ ತಂದೆಯವರೂ ಒಬ್ಬರು. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಅದುವರೆಗೆ ಮನೆಯಲ್ಲಿ ಇದ್ದದ್ದು ಒಂದು ಸ್ಕೂಟರ್. ಆ ವರ್ಷದ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಕೊಡುವ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ಮೇಲೆ, ನಮ್ಮ ಸರದಿ ಬರುವವರೆಗೂ ಮನೆಯಲ್ಲಿ ಅದೇ ಮಾತು. ನಮ್ಮ ಕೈಗೆ ಬರುವಷ್ಟರಲ್ಲಿ ಮೊದಲಿನ ಚೌಕು ಆಕಾರ ಹೋಗಿ, ದುಂಡುಮೈಯ ಎರಡನೆಯ ಮಾದರಿ ಬಂದಿತ್ತು. ಹನ್ನೆರಡು ಇಂಚಿನ ಪುಟ್ಟ ಚಕ್ರಗಳು, ಮೂರು ಸಿಲಿಂಡರಿನ 796 ಸಿಸಿ ಇಂಜಿನ್, ನೆಲದ ಮೇಲೆ ಗೇರಿನ ಕೋಲು.

ಬೀದಿಯಲ್ಲಿ ಆಗ ಇದ್ದ ಕಾರುಗಳೆಂದರೆ ಅಂಬಾಸಿಡರ್ ಮತ್ತು ಫಿಯೆಟ್. ಅವುಗಳ ಸ್ಟಿಯರಿಂಗ್ ತಿರುಗಿಸಲು ಭುಜದ ಬಲ ಬೇಕಿತ್ತು, ಕ್ಲಚ್ ಒತ್ತಲು ಕಾಲಿನ ಬಲ ಬೇಕಿತ್ತು. ಹೆಣ್ಣುಮಕ್ಕಳು ಓಡಿಸಬಾರದೆಂದು ಯಾರೂ ಹೇಳಬೇಕಾಗಿರಲಿಲ್ಲ, ಕಾರಿನ ಭಾರವೇ ಆ ಮಾತನ್ನು ಹೇಳುತ್ತಿತ್ತು. ಮಾರುತಿ ಬಂದಾಗ ಆ ನೆಪ ಹೋಯಿತು. ಹಗುರಾದ ಕ್ಲಚ್ಚು, ಬೆರಳಿನ ಹಿಡಿತಕ್ಕೆ ಸಿಗುವ ಸ್ಟಿಯರಿಂಗ್, ಕೀಲಿ ತಿರುಗಿಸಿದರೆ ಹೊರಡುವ ಇಂಜಿನ್. ನಮ್ಮ ತಾಯಿಯೇ ಮೊದಲು ತಂದೆಯವರನ್ನು ಕೇಳಿದ್ದು: ಮಗನಿಗೆ ಕಲಿಸುವುದಾದರೆ ಮಗಳಿಗೂ ಕಲಿಸಿರಿ.

ಭಾನುವಾರದ ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ರಸ್ತೆಗಳು ಖಾಲಿಯಾಗಿರುತ್ತಿದ್ದವು. ಮರಗಳ ಸಾಲಿನ ನಡುವೆ ಏರಿಳಿಯುವ ಆ ರಸ್ತೆಗಳಲ್ಲಿ ನಾನೂ ತಮ್ಮನೂ ಸರದಿಯಂತೆ ಕಲಿತೆವು. ಏರಿನಲ್ಲಿ ಕೈಬ್ರೇಕ್ ಹಾಕಿ ನಿಲ್ಲಿಸಿ, ಕಾರು ಹಿಂದಕ್ಕೆ ಜಾರದಂತೆ ಹೊರಡುವುದನ್ನು ತಂದೆಯವರು ಸಹನೆಯಿಂದ ಮತ್ತೆ ಮತ್ತೆ ಮಾಡಿಸಿದರು. ಲೈಸೆನ್ಸ್ ಬಂದ ಮೇಲೆ ಮೊದಲು ಒಬ್ಬಳೇ ಹೋದದ್ದು ಸಪ್ತಾಪುರದ ನಮ್ಮ ಅಜ್ಜಿಯ ಮನೆಗೆ. ನಡೆದು ಹೋಗಬಹುದಾದಷ್ಟೇ ದೂರ. ಅಜ್ಜಿ ಓಣಿಯವರನ್ನೆಲ್ಲ ಕರೆದು ತೋರಿಸಿ, ಕಾರಿನ ಮುಂಗಾಜಿಗೆ ಕುಂಕುಮ ಹಚ್ಚಿ, ತಾವೇ ಮುಂದಿನ ಸೀಟಿನಲ್ಲಿ ಕೂತು ಉಣಕಲ್ ಕೆರೆಯವರೆಗೆ ಕರೆದುಕೊಂಡು ಹೋಗಲು ಹೇಳಿದರು. ಮದುವೆಯಾದ ದಿನದಿಂದ ಯಾರದೋ ಗಾಡಿಯ ಹಿಂದಿನ ಸೀಟಿನಲ್ಲಿ ಕೂತೇ ಬದುಕಿದ್ದ ಹೆಣ್ಣುಮಗಳು ಅವರು.

ಡಿಗ್ರಿಯ ಕೊನೆಯ ವರ್ಷ ನಾವು ನಾಲ್ವರು ಗೆಳತಿಯರು ಪೆಟ್ರೋಲಿಗೆ ಹಣ ಕೂಡಿಸಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೆ ಹೋದೆವು. ಭಾವಗೀತೆಗಳ ಕ್ಯಾಸೆಟ್ ಒಂದೇ ಇತ್ತು. ಒಂದು ಬದಿ ಮುಗಿದ ಮೇಲೆ ತಿರುಗಿಸಿ ಹಾಕುವುದು ಹಿಂದಿನ ಸೀಟಿನವರ ಕೆಲಸ. ಮುಂದೆ ಹೊಸಪೇಟೆ, ಬಳ್ಳಾರಿಯ ಕಡೆಯಿಂದ ಬಂದರಿಗೆ ಅದಿರು ಸಾಗಿಸುವ ಲಾರಿಗಳು ಆ ಘಟ್ಟವನ್ನು ತುಂಬಿಬಿಟ್ಟವು. ನಾವು ಹೋದಾಗ ಕಾಡಿನ ತಂಪು, ಆಗೊಂದು ಈಗೊಂದು ಬಸ್ಸು, ತಿರುವಿನಲ್ಲಿ ಹಾರ್ನ್ ಮಾಡಿದರೆ ಕಣಿವೆಯಿಂದ ಬರುವ ಮಾರುದನಿ. ರಸ್ತೆ ಬದಿಯ ಹೋಟೆಲಿನ ಮುಂದೆ ಇಳಿದಾಗ ಮಾಲೀಕರು ಡ್ರೈವರ್ ಎಲ್ಲಿ ಎಂದು ಕೇಳಿದರು. ನನ್ನ ಗೆಳತಿಯರು ಮೂವರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದ ಕ್ಷಣದ ಹೆಮ್ಮೆಯನ್ನು ಮುಂದೆ ಸಿಕ್ಕ ಯಾವ ನೌಕರಿಯ ಪತ್ರವೂ ಕೊಟ್ಟಿಲ್ಲ.

ಇದನ್ನೆಲ್ಲ ಬರೆದದ್ದು ಏಕೆಂದರೆ, ಹಳೆಯ ಕಾರು ಎಂದಾಗ ಯಂತ್ರದೊಡನೆ ಗುದ್ದಾಡಿದವರ ಕಥೆಗಳೇ ಹೆಚ್ಚು ಕೇಳಿಬರುತ್ತವೆ. ಗುದ್ದಾಟ ಕಡಿಮೆಯಾದದ್ದರಿಂದ ದಾರಿ ತೆರೆದುಕೊಂಡವರ ಕಥೆಯೂ ಇದೆ. ಕಾಜಾಣ ಅವರು ಹೆಣ್ಣೋ ಗಂಡೋ ನನಗೆ ತಿಳಿಯದು. ನಿಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದರೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿರಿ.

ಉತ್ತರ: ಯಲಹಂಕ ನಾಕಾ, ಬೆಂಗಳೂರು

ಫಿಯೆಟ್, ಅಂಬಾಸಿಡರ್, ಮಾರುತಿಗಳ ಮಾತು ಬಂದಾಗಲೆಲ್ಲ ನಮ್ಮದೇ ಊರಿನ ಒಂದು ಕಾರನ್ನು ಜನ ಮರೆಯುತ್ತಾರೆ ಎಂಬ ಬೇಸರ ನನಗಿದೆ. ಸಿಪಾನಿ ಡಾಲ್ಫಿನ್ ತಯಾರಾದದ್ದು ಬೆಂಗಳೂರಿನಲ್ಲಿ. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿ ಎಂಬತ್ತರ ದಶಕದ ಮೊದಲಲ್ಲಿ ಇದು ರಸ್ತೆಗೆ ಬಂತು. ಅದಕ್ಕೂ ಮೊದಲು ಅದೇ ಸಂಸ್ಥೆ ಬಾದಲ್ ಎಂಬ ಮೂರು ಚಕ್ರದ ಕಾರನ್ನು ಮಾಡಿತ್ತು. ಚಿಕ್ಕವನಿದ್ದಾಗ ಮಲ್ಲೇಶ್ವರದಲ್ಲಿ ಅದನ್ನು ಕಂಡರೆ ಹಿಂದೆ ಓಡುತ್ತಿದ್ದೆವು.

ನನ್ನ ಮೊದಲ ಕಾರು ಎರಡು ಬಾಗಿಲಿನ ಡಾಲ್ಫಿನ್. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾರುತಿ ಬಂದು ಇದರ ಬೇಡಿಕೆ ಕುಗ್ಗಿದ ಮೇಲೆ, ಅಗ್ಗಕ್ಕೆ ಸಿಕ್ಕಿತು. ಇದರ ಮೈ ಪೂರ್ತಿ ಫೈಬರ್ ಗ್ಲಾಸ್. ತುಕ್ಕು ಎಂಬುದೇ ಇಲ್ಲ, ತಗಡಿನಂತೆ ನೆಗ್ಗುವುದೂ ಇಲ್ಲ, ಪೆಟ್ಟು ಬಿದ್ದರೆ ಸೀಳುತ್ತದೆ. ತಗಡು ಬಡಿಯುವ ಗ್ಯಾರೇಜಿನವರಿಗೆ ಇದು ಒಗ್ಗದ ಕೆಲಸವಾದ್ದರಿಂದ ನಾನೇ ನಾರಿನ ಹಾಸು ಮತ್ತು ರೆಸಿನ್ ತಂದು, ಪದರದ ಮೇಲೆ ಪದರ ಹಚ್ಚಿ, ಒಣಗಿದ ಮೇಲೆ ಉಜ್ಜಿ ಬಣ್ಣ ಹೊಡೆಯುವುದನ್ನು ಕಲಿತೆ. ಆ ಬೆರಳ ತುದಿಯ ಕೆಲಸದಲ್ಲಿ ನನಗೆ ಸಿಕ್ಕ ಸುಖ ದೊಡ್ಡದು.

ಕಾರು ಹಗುರವಾಗಿತ್ತು, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್ ಚುರುಕಾಗಿತ್ತು. ಆದ್ದರಿಂದಲೇ ಎಂಬತ್ತರ ದಶಕದ ರ‍್ಯಾಲಿಗಳಲ್ಲಿ, ಮದ್ರಾಸಿನ ಬಳಿಯ ಶೋಲಾವರಂ ಓಟಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಕರ್ನಾಟಕ-1000 ರ‍್ಯಾಲಿ ಹಾದುಹೋಗುವ ದಾರಿಗಳಲ್ಲಿ ರಾತ್ರಿಯಿಡೀ ಕಾದು ನಿಲ್ಲುತ್ತಿದ್ದ ಹುಡುಗರಲ್ಲಿ ನಾನೂ ಇದ್ದೆ. ಆ ಕಾರು ನನ್ನದಾದ ಮೇಲೆ ಭಾನುವಾರ ನಸುಕಿನಲ್ಲಿ ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ನಂದಿಬೆಟ್ಟಕ್ಕೆ ಹೋಗುವುದು ರೂಢಿಯಾಯಿತು. ವಿಮಾನ ನಿಲ್ದಾಣ ಬರುವುದಕ್ಕೆ ಬಹಳ ಹಿಂದಿನ ಮಾತು. ಬಳ್ಳಾರಿ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟಗಳು ಇದ್ದವು, ಎದುರಿಗೆ ಬರುವ ಗಾಡಿಗಳಲ್ಲಿ ತರಕಾರಿ ಹೊತ್ತವೇ ಹೆಚ್ಚು. ಈಗ ಅದೇ ದಾರಿಯಲ್ಲಿ ಮೇಲ್ಸೇತುವೆಗಳ ಮೇಲೆ ಹೋಗುವಾಗ ಯಲಹಂಕ ಯಾವಾಗ ಬಂತು, ಯಾವಾಗ ಹೋಯಿತು ಎಂಬುದೇ ತಿಳಿಯುವುದಿಲ್ಲ. ಡಾಲ್ಫಿನ್ ಉಳಿಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಮೈಲಿಗಲ್ಲು, ಮಂಡ್ಯ

ಎಲ್ಲರ ನೆನಪುಗಳೂ ಹೃದ್ಯವಾಗಿವೆ. ನನ್ನದೂ ಅಂಬಾಸಿಡರ್ ಕಾಲ. ಮೈಸೂರು ರಸ್ತೆಯ ಸಾಲುಮರಗಳ ನೆರಳು, ಮದ್ದೂರಿನಲ್ಲಿ ವಡೆಗೆ ನಿಲ್ಲುವುದು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಎಣಿಸಲಾಗದಷ್ಟು ತುಂಬಿಕೊಂಡು ಮದುವೆಗೆ ಹೋಗುವುದು, ಎಲ್ಲವನ್ನೂ ಬಲ್ಲೆ. ಆದರೂ ಈ ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಆ ಸಾಲುಮರಗಳಿಗೆ ಗುದ್ದಿದ ಕಾರುಗಳನ್ನು ನಾನು ಕಂಡಿದ್ದೇನೆ. ನನ್ನ ಕಾಲೇಜಿನ ಗೆಳೆಯನೊಬ್ಬ ಹಾಗೆಯೇ ಹೋದ. ಸೀಟು ಬೆಲ್ಟ್ ಇರಲಿಲ್ಲ. ಸ್ಟಿಯರಿಂಗ್ ಕಂಬ ಈಗಿನಂತೆ ಡಿಕ್ಕಿಯಲ್ಲಿ ಕುಸಿಯುವಂತಹುದಲ್ಲ, ನೇರವಾದ ಕಬ್ಬಿಣದ ಸರಳು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಇಳಿಜಾರಿನಲ್ಲಿ ಒಂದೇ ಸಮನೆ ಒತ್ತಿದರೆ ಕಾದು ಹಿಡಿತ ಬಿಡುತ್ತದೆ. ವಿದ್ಯುತ್ತಿಗೆ ಡೈನಮೋ ಇದ್ದ ಗಾಡಿಗಳಲ್ಲಿ ಇಂಜಿನ್ ನಿಧಾನವಾದ ಕೂಡಲೇ ದೀಪ ಮಂಕಾಗುತ್ತಿತ್ತು. ಎಳೆಯ ವಯಸ್ಸಿನಲ್ಲಿ ಬದುಕಿ ಬಂದವರು ಮಾತ್ರ ಇಲ್ಲಿ ನೆನಪು ಬರೆಯಲು ಸಾಧ್ಯ ಎಂಬುದನ್ನು ಓದುವ ಹುಡುಗರು ಮನಸ್ಸಿನಲ್ಲಿಡಬೇಕು.

ಕಾಜಾಣ ಅವರೇ, ನೀವು ಆ ಕಾರನ್ನು ಓಡಿಸಬೇಡಿ ಎನ್ನುತ್ತಿಲ್ಲ. ಖಂಡಿತ ಓಡಿಸಿ. ಮೊದಲು ಗಟ್ಟಿ ಉಕ್ಕಿನ ಭಾಗಕ್ಕೆ ಬೋಲ್ಟ್ ಹಾಕಿಸಿ ಮುಂದಿನ ಸೀಟಿಗೆ ಬೆಲ್ಟ್ ಅಳವಡಿಸಿ. ಬ್ರೇಕ್ ಸಿಲಿಂಡರುಗಳ ರಬ್ಬರುಗಳನ್ನೂ ಬ್ರೇಕ್ ದ್ರವವನ್ನೂ ಪೂರ್ತಿ ಬದಲಿಸಿ. ನಿಂತಿದ್ದ ಕಾರಿನ ಟೈರು ನೋಡಲು ಹೊಸದರಂತಿದ್ದರೂ ಒಳಗೆ ಗಟ್ಟಿಯಾಗಿರುತ್ತದೆ, ಅವನ್ನೂ ತೆಗೆಸಿ.

ಪ್ರಶ್ನೆ ಕೇಳಿದವರಿಂದ: ಕಾಜಾಣ

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮುದ್ರಿಸಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಧಾರವಾಡದವರ ಬರಹ ಮುಗಿದ ಮೇಲೆ ಅವರು ತಾವೂ ಒಂದು ಬೇಸಿಗೆಯಲ್ಲಿ ಕಣದಲ್ಲಿ ಈ ಕಾರನ್ನು ಓಡಿಸಲು ಕಲಿತಿದ್ದಾಗಿ ಮೊದಲ ಬಾರಿಗೆ ಹೇಳಿದರು. ದೊಡ್ಡಪ್ಪನೇ ಕಲಿಸಿದ್ದಂತೆ. ಗೇಟಿನಾಚೆಗೆ ಒಯ್ಯುವ ಅವಕಾಶ ಮಾತ್ರ ಬರಲಿಲ್ಲವಂತೆ. ಮುಂದಿನ ಸೀಟಿನ ವಿಷಯದಲ್ಲಿ ಅನುಮಾನವೇ ಬೇಡ, ಅದು ಅವರದೇ.

ಬೆಲ್ಟ್, ಬ್ರೇಕ್, ಟೈರು ಮೂರನ್ನೂ ಮಾಡಿಸಲು ಮೆಕ್ಯಾನಿಕರಿಗೆ ಹೇಳಿದ್ದೇನೆ. ಪಂಪನ್ನು ಬಿಚ್ಚುವ ಕೆಲಸ ಈ ವಾರ ನಡೆಯುತ್ತದೆ. ಆಲ್ದೂರಿನ ಹಿರಿಯರಲ್ಲಿ ಒಂದು ಪ್ರಶ್ನೆ ಉಳಿದಿದೆ: ಘಟ್ಟಕ್ಕೆ ಯಾವ ತಿಂಗಳು, ಯಾವ ಹೊತ್ತು ಸೂಕ್ತ? ಮತ್ತು ಎರಡು ಸಲ ಕ್ಲಚ್ ಒತ್ತುವುದನ್ನು ಎಲ್ಲಿ ಅಭ್ಯಾಸ ಮಾಡಲಿ?

ಉತ್ತರ: ಕಾಫಿಕಣ, ಆಲ್ದೂರು

ಅಭ್ಯಾಸವನ್ನು ನಿಮ್ಮ ಕಣದಲ್ಲೇ ಮಾಡಿ. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ ಹರಡುತ್ತದೆ, ಆದ್ದರಿಂದ ಈಗಲೇ ಆರಂಭಿಸಿ. ಮೊದಲು ಎರಡರಿಂದ ಒಂದಕ್ಕೆ ಇಳಿಸುವುದನ್ನು ನಡಿಗೆಯ ವೇಗದಲ್ಲಿ ಸಾಧಿಸಿ. ಗಾಜುಗಳನ್ನು ಇಳಿಸಿ, ಸಂಗೀತ ನಿಲ್ಲಿಸಿ. ದೊಡ್ಡಮ್ಮನವರನ್ನೂ ಒಂದು ಸುತ್ತು ಓಡಿಸಲು ಹೇಳಿ, ಕೈಗೆ ಬಂದದ್ದು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಘಟ್ಟಕ್ಕೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಒಳ್ಳೆಯದು. ಮಳೆಗಾಲದಲ್ಲಿ ಬೇಡವೇ ಬೇಡ, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಎಷ್ಟು ಕಾಲ ಮುಚ್ಚಿತ್ತೆಂಬುದು ನಿಮಗೇ ಗೊತ್ತಿದೆ. ಇಳಿಯುವಾಗ ಮಂಜು ಕರಗಿದ ಮೇಲೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡಿ. ಹತ್ತುವುದನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಬೇಡಿ, ಉಜಿರೆಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಹೊರಟರೆ ಪಂಪಿಗೆ ಬಟ್ಟೆ ಸುತ್ತುವ ಅಗತ್ಯವೇ ಬರಲಿಕ್ಕಿಲ್ಲ. ಬಟ್ಟೆಯನ್ನೂ ಬುತ್ತಿಯನ್ನೂ ಮಾತ್ರ ಇಟ್ಟುಕೊಂಡೇ ಹೋಗಿ. ಪಂಪು ಬಿಚ್ಚಿದಾಗ ಪೊರೆ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಇಲ್ಲಿ ಬರೆಯಿರಿ. ನನ್ನ ಬಳಿ ಹಳೆಯ ಬಿಡಿಭಾಗಗಳ ಒಂದು ಪೆಟ್ಟಿಗೆ ಇದೆ, ನಿಮಗೆ ಹೊಂದುವುದೇನಾದರೂ ಅದರಲ್ಲಿದ್ದರೆ ಕಳುಹಿಸಿಕೊಡುತ್ತೇನೆ.